ಥೀಬ್ಸಿನ ಪಿಡುಗು, ಅಥೆನ್ಸಿನ ಪಿಡುಗು
(‘ದೊರೆ ಈಡಿಪಸ್’ ನಾಟಕವನ್ನು ಓದುವವರಿಗೆ ಚರಿತ್ರೆಯ ಕಡೆಯಿಂದ ಕೆಲವು ಮಾತು)

ಸುವರ್ಣ ಮಹೋತ್ಸವದ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದ್ದಾರೆ. ಊರಿನ ಚರಿತ್ರೆಯನ್ನೂ ಶಾಲೆಯ ಚರಿತ್ರೆಯನ್ನೂ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಆರಿಸಿಕೊಂಡ ವಿಷಯ ಸ್ವಲ್ಪ ದೂರದ್ದು. ಇಲ್ಲಿ ಹತ್ತನೆಯ ತರಗತಿ ಮುಗಿಸಿ ಕಾಲೇಜು ಸೇರಿದ ಮಕ್ಕಳು ರಜೆಯಲ್ಲಿ ಬಂದಾಗ ಪುಸ್ತಕ ಹಿಡಿದುಕೊಂಡು ಅನುಮಾನ ಕೇಳುವುದುಂಟು. ಹಾಗೆ ಮತ್ತೆ ಮತ್ತೆ ನನ್ನ ಮುಂದೆ ಬಂದಿರುವ ಪುಸ್ತಕ ಗ್ರೀಕ್ ನಾಟಕಕಾರ ಸೋಫೋಕ್ಲೀಸನ ‘ದೊರೆ ಈಡಿಪಸ್’. ಕೆಲವರು ಇಂಗ್ಲಿಷಿನಲ್ಲಿ ಓದುತ್ತಾರೆ, ಕೆಲವರು ಪಿ. ಲಂಕೇಶರ ಕನ್ನಡದಲ್ಲಿ. ಪುಸ್ತಕದ ಜೊತೆಗೆ ಒಂದು ಗೈಡೂ ಇರುತ್ತದೆ. ಅದರಲ್ಲಿ ಹಮಾರ್ಷಿಯ, ಪೆರಿಪೆಟಿಯ, ಕಥಾರ್ಸಿಸ್ ಎಂಬ ಪದಗಳು ಪಟ್ಟಿಯಾಗಿ ಬಂದಿರುತ್ತವೆ, ಒಂದೊಂದಕ್ಕೂ ಒಂದೊಂದು ಸಾಲಿನ ಅರ್ಥ. ಮಕ್ಕಳು ಅವನ್ನು ಬಾಯಿಪಾಠ ಮಾಡುತ್ತಾರೆ. ಆ ಪದಗಳು ಯಾವ ಊರಿನಲ್ಲಿ, ಯಾವ ಕಾಲದಲ್ಲಿ, ಯಾರ ಬಾಯಲ್ಲಿ ಓಡಾಡಿದವು ಎಂಬುದನ್ನು ತಿಳಿಯದೆ ನಾಟಕ ಅರ್ಥವಾಗುವುದು ಕಷ್ಟ. ಆದ್ದರಿಂದ ಈ ಬರಹ.

ಕಥೆ ಬಹುಜನರಿಗೆ ಗೊತ್ತು. ಥೀಬ್ಸ್ ನಗರದ ದೊರೆ ಲಾಯಸನಿಗೆ, ನಿನ್ನ ಮಗನ ಕೈಯಿಂದಲೇ ನಿನಗೆ ಸಾವು ಎಂಬ ದೈವವಾಣಿಯಾಗುತ್ತದೆ. ಹುಟ್ಟಿದ ಮಗುವಿನ ಕಾಲುಗಳನ್ನು ಚುಚ್ಚಿ ಕಟ್ಟಿ ಬೆಟ್ಟದಲ್ಲಿ ಬಿಟ್ಟುಬರಲು ಒಬ್ಬ ಆಳಿಗೆ ಕೊಡುತ್ತಾರೆ. ಆಳು ಕರುಣೆಯಿಂದ ಅದನ್ನು ಕೊರಿಂಥ್ ಸೀಮೆಯ ಕುರಿಗಾಹಿಗೆ ಒಪ್ಪಿಸುತ್ತಾನೆ. ಮಗು ಕೊರಿಂಥಿನ ದೊರೆಯ ಮನೆಯಲ್ಲಿ ಬೆಳೆಯುತ್ತದೆ. ಊದಿದ ಕಾಲಿನವನೆಂದು ‘ಈಡಿಪಸ್’ ಎಂಬ ಹೆಸರು. ದೊಡ್ಡವನಾದ ಮೇಲೆ ತಾನು ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆನೆಂಬ ದೈವವಾಣಿ ಕೇಳಿ, ಅದನ್ನು ತಪ್ಪಿಸಲೆಂದೇ ಕೊರಿಂಥನ್ನು ಬಿಟ್ಟು ಹೊರಡುತ್ತಾನೆ. ಮೂರು ದಾರಿ ಕೂಡುವಲ್ಲಿ ಜಗಳವಾಗಿ ಒಬ್ಬ ಮುದುಕನನ್ನು ಕೊಲ್ಲುತ್ತಾನೆ. ಥೀಬ್ಸಿಗೆ ಬಂದು ಸ್ಫಿಂಕ್ಸ್ ಎಂಬ ರಕ್ಕಸಿಯ ಒಗಟನ್ನು ಬಿಡಿಸಿ, ಆ ಊರಿನ ದೊರೆಯಾಗಿ, ವಿಧವೆ ರಾಣಿಯನ್ನು ಮದುವೆಯಾಗುತ್ತಾನೆ. ಇಷ್ಟೆಲ್ಲ ನಡೆದದ್ದು ನಾಟಕ ಶುರುವಾಗುವುದಕ್ಕೆ ಬಹಳ ಹಿಂದೆ. ನಾಟಕದೊಳಗೆ ನಡೆಯುವುದು ಒಂದು ದಿನದ ವಿಚಾರಣೆ ಮಾತ್ರ. ಊರಿಗೆ ಪಿಡುಗು ಬಂದಿದೆ. ಲಾಯಸನನ್ನು ಕೊಂದವನು ಊರೊಳಗೇ ಇದ್ದಾನೆ, ಅವನನ್ನು ಹೊರಹಾಕಿ ಎಂದು ಅಪೊಲೊ ದೇವರ ಅಪ್ಪಣೆ. ದೊರೆ ತನಿಖೆಗೆ ಕೂರುತ್ತಾನೆ.

ಇನ್ನು ನಾಟಕ ಆಡಿದ ಊರಿನ ವಿಷಯ. ಅಥೆನ್ಸಿನಲ್ಲಿ ನಾಟಕವೆಂದರೆ ಟಿಕೆಟ್ಟು ಕೊಂಡು ಸಂಜೆ ಹೋಗಿ ಬರುವ ಮನರಂಜನೆಯಾಗಿರಲಿಲ್ಲ. ವಸಂತದ ಆರಂಭದಲ್ಲಿ ಡಯೊನೈಸಸ್ ದೇವರ ಜಾತ್ರೆ. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಜನ ಕೂರುತ್ತಿದ್ದರು. ಇಂದು ಚಿತ್ರಗಳಲ್ಲಿ ಕಾಣುವ ಕಲ್ಲಿನ ಮೆಟ್ಟಿಲುಗಳು ಸೋಫೋಕ್ಲೀಸನ ಕಾಲದವಲ್ಲ. ಅವು ನಂತರದ ಶತಮಾನದವು. ಅವನ ಕಾಲಕ್ಕೆ ಇದ್ದದ್ದು ಮರದ ಹಲಗೆಗಳು. ಮೂವರು ಕವಿಗಳಿಗೆ ಅವಕಾಶ. ಒಬ್ಬೊಬ್ಬನೂ ಮೂರು ಗಂಭೀರ ನಾಟಕಗಳನ್ನೂ ಕೊನೆಗೊಂದು ಹಾಸ್ಯದ ‘ಸೇಟರ್’ ಆಟವನ್ನೂ ಆಡಿಸಬೇಕು. ಮೇಳದ ಖರ್ಚನ್ನು ಒಬ್ಬ ಶ್ರೀಮಂತ ನಾಗರಿಕ ಹೊರಬೇಕಿತ್ತು. ಅದು ದಾನವಲ್ಲ, ನಗರ ವಿಧಿಸಿದ ಕರ್ತವ್ಯ. ಹತ್ತು ಕುಲಗಳಿಂದ ಚೀಟಿ ಎತ್ತಿ ಆರಿಸಿದ ಹತ್ತು ಮಂದಿ ತೀರ್ಪುಗಾರರು. ನಾಟಕಕ್ಕೆ ಮುಂಚೆ ಅದೇ ಅಂಗಳದಲ್ಲಿ ಮಿತ್ರ ನಗರಗಳಿಂದ ಬಂದ ಕಪ್ಪದ ಹಣವನ್ನು ಎಲ್ಲರಿಗೂ ಕಾಣುವಂತೆ ಹೊತ್ತು ತರುತ್ತಿದ್ದರು. ಯುದ್ಧದಲ್ಲಿ ಸತ್ತವರ ಗಂಡುಮಕ್ಕಳನ್ನು ನಗರದ ಖರ್ಚಿನಲ್ಲಿ ಸಾಕಿ, ಪ್ರಾಯಕ್ಕೆ ಬಂದಾಗ ಕವಚ ತೊಡಿಸಿ ಜನರ ಮುಂದೆ ನಡೆಸುತ್ತಿದ್ದರು. ಸಾಮ್ರಾಜ್ಯದ ಹೆಮ್ಮೆಯನ್ನು ಹೀಗೆ ಮೆರೆದ ಅಂಗಳದಲ್ಲೇ, ಸ್ವಲ್ಪ ಹೊತ್ತಿಗೆ ಒಬ್ಬ ದೊಡ್ಡ ದೊರೆ ನುಚ್ಚುನೂರಾಗುವುದನ್ನು ತೋರಿಸುತ್ತಿದ್ದರು. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡ ಜನರ ಧೈರ್ಯ ನನಗೆ ಯಾವಾಗಲೂ ದೊಡ್ಡದಾಗಿ ಕಂಡಿದೆ.

ಬರೆದವನೂ ಮೂಲೆಯಲ್ಲಿ ಕುಳಿತ ಕವಿಯಲ್ಲ. ಸೋಫೋಕ್ಲೀಸ್ ಹುಟ್ಟಿದ್ದು ಸುಮಾರು ಕ್ರಿ.ಪೂ. 496ರಲ್ಲಿ, ಅಥೆನ್ಸಿನ ಹೊರಗಿನ ಕೊಲೊನಸ್ ಎಂಬ ಹಳ್ಳಿಯಲ್ಲಿ. ತೊಂಬತ್ತು ವರ್ಷ ಬದುಕಿದ. ಕ್ರಿ.ಪೂ. 443ರ ಸುಮಾರಿಗೆ ಕಪ್ಪದ ಹಣದ ಖಜಾಂಚಿಗಳಲ್ಲಿ ಒಬ್ಬ; ಕ್ರಿ.ಪೂ. 441ರ ಹೊತ್ತಿಗೆ ಪೆರಿಕ್ಲೀಸನ ಜೊತೆ ಚುನಾಯಿತ ದಂಡನಾಯಕ. ನೂರ ಇಪ್ಪತ್ತಕ್ಕಿಂತ ಹೆಚ್ಚು ನಾಟಕ ಬರೆದವನು. ನಮಗೆ ಪೂರ್ತಿಯಾಗಿ ಉಳಿದಿರುವುದು 7. ಸ್ಪರ್ಧೆಯಲ್ಲಿ ಅವನು ಎಂದೂ ಕೊನೆಯ ಸ್ಥಾನಕ್ಕೆ ಇಳಿಯಲಿಲ್ಲವೆಂದು ಹಿಂದಿನವರು ಬರೆದಿಟ್ಟಿದ್ದಾರೆ. ಆದರೆ ಇಂದು ಲೋಕವೆಲ್ಲ ಹೊಗಳುವ ಈಡಿಪಸ್ ನಾಟಕಕ್ಕೆ ಆ ವರ್ಷ ಮೊದಲ ಬಹುಮಾನ ಬರಲಿಲ್ಲ. ಈಸ್ಕಿಲಸನ ಸೋದರಳಿಯ ಫಿಲೊಕ್ಲೀಸ್ ಎಂಬವನು ಗೆದ್ದ. ಗೆದ್ದವನ ಒಂದು ನಾಟಕವೂ ಇವತ್ತು ಪೂರ್ತಿಯಾಗಿ ಉಳಿದಿಲ್ಲ.

ರಂಗಕ್ಕೆ ಸೇರಿದ ಪದಗಳನ್ನು ಇಲ್ಲೇ ಬೇಗ ಹೇಳಿ ಮುಗಿಸುತ್ತೇನೆ. ಟ್ರ್ಯಾಜಿಡಿ ಎಂಬುದರ ಮೂಲವಾದ ‘ಟ್ರಾಗೋಡಿಯ’ ಎಂದರೆ ಅಕ್ಷರಶಃ ಹೋತದ ಹಾಡು. ಹೋತ ಬಹುಮಾನವಾಗಿತ್ತೋ ಬಲಿಯಾಗಿತ್ತೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ‘ಕೋರಸ್’ ಎಂದರೆ ಹಾಡಿ ಕುಣಿಯುವ ಮೇಳ. ಸೋಫೋಕ್ಲೀಸ್ ಅದನ್ನು 12ರಿಂದ 15 ಜನಕ್ಕೆ ಏರಿಸಿದನೆಂದು ಹೇಳುತ್ತಾರೆ. ‘ಆರ್ಕೆಸ್ಟ್ರ’ ಎಂದರೆ ವಾದ್ಯಗಾರರಲ್ಲ, ಮೇಳ ಕುಣಿಯುವ ಅಂಗಳ. ‘ಸ್ಕೀನ್’ ಎಂದರೆ ಹಿಂದಿನ ಗುಡಾರ ಅಥವಾ ಮನೆ. ಇಂಗ್ಲಿಷಿನ ಸೀನ್ ಅದರಿಂದ ಬಂದದ್ದು. ಮೇಳ ಬರುವುದಕ್ಕೆ ಮುಂಚಿನ ಭಾಗ ‘ಪ್ರೊಲಾಗಸ್’, ಬರುವಾಗಿನ ಹಾಡು ‘ಪಾರಡಸ್’, ಅಂಗಳದಲ್ಲಿ ನಿಂತ ಮೇಲಿನ ಹಾಡುಗಳು ‘ಸ್ಟಾಸಿಮನ್’, ಕೊನೆಯ ಭಾಗ ‘ಎಕ್ಸೊಡಸ್’. ಮಾತಾಡುವ ಪಾತ್ರಧಾರಿಗಳು ಮೂವರೇ, ಎಲ್ಲರೂ ಗಂಡಸರು, ಮೋರೆಗೆ ಮುಖವಾಡ. ಆ ಮೂರನೆಯವನನ್ನು ತಂದವನು ಸೋಫೋಕ್ಲೀಸ್ ಎಂದು ಅರಿಸ್ಟಾಟಲ್ ಹೇಳುತ್ತಾನೆ. ಯಕ್ಷಗಾನ, ಬಯಲಾಟ ನೋಡಿದ ನಮ್ಮ ಮಕ್ಕಳಿಗೆ ಇದನ್ನು ಕಲ್ಪಿಸಿಕೊಳ್ಳುವುದು ಲಂಡನ್ನಿನ ಮಕ್ಕಳಿಗಿಂತ ಸುಲಭವೆಂದು ನನ್ನ ಎಣಿಕೆ. ಹಾಡು, ಕುಣಿತ, ಮಾತು, ವೇಷ ಎಲ್ಲ ಕೂಡಿದರೇ ಆಟ ಎಂಬುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಪಿಡುಗು. ಹೋಮರನ ‘ಒಡಿಸ್ಸಿ’ಯಲ್ಲಿ ಈಡಿಪಸನ ಕಥೆ ಚಿಕ್ಕದಾಗಿ ಬರುತ್ತದೆ. ಅಲ್ಲಿ ಪಿಡುಗಿಲ್ಲ, ಸತ್ಯ ಹೊರಬಿದ್ದ ಮೇಲೂ ಅವನು ಥೀಬ್ಸನ್ನು ಆಳುತ್ತಲೇ ಇರುತ್ತಾನೆ. ಸೋಫೋಕ್ಲೀಸ್ ಮಾತ್ರ ಸಾಯುತ್ತಿರುವ ಊರಿನಿಂದ ನಾಟಕವನ್ನು ಶುರುಮಾಡುತ್ತಾನೆ. ಬೆಳೆ ಒಣಗಿದೆ, ದನ ಸಾಯುತ್ತಿವೆ, ಹೆಂಗಸರ ಗರ್ಭ ನಿಲ್ಲುತ್ತಿಲ್ಲ, ಜನ ಅರಮನೆಯ ಮುಂದೆ ಹಸಿರು ಕೊಂಬೆ ಹಿಡಿದು ಮೊರೆಯಿಡುತ್ತಿದ್ದಾರೆ. ನಾಟಕ ಆಡಿದ ವರ್ಷ ದಾಖಲೆಯಾಗಿ ಉಳಿದಿಲ್ಲ. ಆದರೂ ಕ್ರಿ.ಪೂ. 429ರ ಸುಮಾರು ಅಥವಾ ಅದಾದ ನಾಲ್ಕಾರು ವರ್ಷಗಳೊಳಗೆ ಎಂದು ಅನೇಕ ವಿದ್ವಾಂಸರು ಎಣಿಸುವುದಕ್ಕೆ ಒಂದು ಕಾರಣ ಈ ದೃಶ್ಯವೇ.

ಏಕೆಂದರೆ ಕ್ರಿ.ಪೂ. 431ರಲ್ಲಿ ಅಥೆನ್ಸಿಗೂ ಸ್ಪಾರ್ಟಕ್ಕೂ ಯುದ್ಧ ಶುರುವಾಯಿತು. ಅದು ಮುಗಿದದ್ದು ಕ್ರಿ.ಪೂ. 404ರಲ್ಲಿ, ಅಥೆನ್ಸಿನ ಸೋಲಿನೊಂದಿಗೆ. ಸ್ಪಾರ್ಟದ ಕಾಲಾಳು ಬಲವನ್ನು ಬಯಲಿನಲ್ಲಿ ಎದುರಿಸುವುದು ಬೇಡ, ಹಳ್ಳಿಗಳನ್ನು ಬಿಟ್ಟು ಎಲ್ಲರೂ ಕೋಟೆಯೊಳಗೆ ಬನ್ನಿ, ನಮಗೆ ಹಡಗುಗಳಿವೆ, ಧಾನ್ಯ ಸಮುದ್ರದ ಮೇಲೆ ಬರುತ್ತದೆ ಎಂಬುದು ಪೆರಿಕ್ಲೀಸನ ಯೋಜನೆ. ಲೆಕ್ಕ ಸರಿಯಾಗಿಯೇ ಇತ್ತು. ರೈತರು ಮನೆಯ ಬಾಗಿಲು ಚೌಕಟ್ಟುಗಳನ್ನೂ ಕಿತ್ತುಕೊಂಡು ಬಂದು, ಗುಡಿಯ ಅಂಗಳಗಳಲ್ಲಿ, ಬಂದರಿಗೆ ಹೋಗುವ ಉದ್ದ ಗೋಡೆಗಳ ನಡುವೆ, ಬಿಸಿಲಿನಲ್ಲಿ ಉಸಿರುಕಟ್ಟುವ ಗುಡಿಸಲುಗಳಲ್ಲಿ ತುಂಬಿಕೊಂಡರು. ಮರುವರ್ಷ, ಕ್ರಿ.ಪೂ. 430ರಲ್ಲಿ, ಅದೇ ಬಂದರಿನಿಂದ ರೋಗ ಹತ್ತಿತು. ಧಾನ್ಯ ಬರುವ ಬಾಗಿಲಿನಲ್ಲೇ ಸಾವೂ ಬಂತು.

ಅದರ ವರ್ಣನೆಯನ್ನು ಬರೆದವನು ಚರಿತ್ರಕಾರ ಥ್ಯೂಸಿಡಿಡೀಸ್. ಅವನಿಗೂ ರೋಗ ತಗಲಿತ್ತು, ಬದುಕಿ ಉಳಿದ. ತಲೆಯ ಉರಿ, ಕಣ್ಣು ಕೆಂಪು, ಗಂಟಲಿನಲ್ಲಿ ರಕ್ತ, ತಣಿಯದ ಬಾಯಾರಿಕೆ ಎಂದು ವೈದ್ಯನಂತೆ ಒಂದೊಂದನ್ನೇ ಬರೆದಿದ್ದಾನೆ, ಮುಂದೆ ಎಂದಾದರೂ ಬಂದರೆ ಜನ ಗುರುತಿಸಲಿ ಎಂದು. ವೈದ್ಯರೇ ಹೆಚ್ಚಾಗಿ ಸತ್ತರು. ಗುಡಿಗಳಲ್ಲಿ ಹೆಣಗಳು ಬಿದ್ದವು. ಬೇರೆಯವರ ಚಿತೆಯ ಮೇಲೆ ತಮ್ಮ ಹೆಣವನ್ನು ಎಸೆದು ಓಡಿದವರುಂಟು. ದೇವರಿಗೆ ನಡೆದುಕೊಂಡವನೂ ಸಾಯುತ್ತಾನೆ, ನಡೆದುಕೊಳ್ಳದವನೂ ಸಾಯುತ್ತಾನೆ, ಹೀಗಿರುವಾಗ ಭಯ ಯಾತಕ್ಕೆ ಎಂದು ಜನ ಮರ್ಯಾದೆ ಬಿಟ್ಟರು. ಒಮ್ಮೆ ಹತ್ತಿ ವಾಸಿಯಾದವರಿಗೆ ಮತ್ತೆ ಸಾಯುವಷ್ಟು ಹತ್ತುವುದಿಲ್ಲವೆಂಬುದನ್ನೂ, ಅಂಥವರೇ ರೋಗಿಗಳ ಬಗೆಗೆ ಹೆಚ್ಚು ಕರುಣೆ ತೋರಿದರೆಂಬುದನ್ನೂ ಅವನು ಗಮನಿಸಿದ್ದಾನೆ. ಕವಚಧಾರಿ ಕಾಲಾಳುಗಳಲ್ಲಿಯೇ 4,400 ಮಂದಿ, ಕುದುರೆ ಸವಾರರಲ್ಲಿ 300 ಮಂದಿ ಸತ್ತರೆಂದು ಲೆಕ್ಕ ಕೊಡುತ್ತಾನೆ. ಉಳಿದ ಜನರ ಸಾವು ಎಣಿಕೆಗೆ ಸಿಕ್ಕಿಲ್ಲ. ಪೆರಿಕ್ಲೀಸನ ಇಬ್ಬರು ಮಕ್ಕಳು ತೀರಿಕೊಂಡರು, ಕ್ರಿ.ಪೂ. 429ರಲ್ಲಿ ಅವನೂ ಹೋದ.

ಆ ನಗರದಲ್ಲಿ ಪಿಡುಗಿನ ನಾಟಕ ಆಡಿದಾಗ ಮುಂದೆ ಕುಳಿತವರ ಮೈ ಹೇಗಾಗಿರಬೇಕು ಎಂಬುದನ್ನು ನಾನು ಬಣ್ಣಿಸಬೇಕಾಗಿಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ನಮ್ಮ ಸೀಮೆಯಲ್ಲಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಅಲ್ಲಿಯೂ ಜನ ಕೇಳಿದ ಮೊದಲ ಪ್ರಶ್ನೆ ಒಂದೇ: ಯಾರು ಮಾಡಿದ ತಪ್ಪಿಗೆ ಇದು ಬಂತು?

ಈ ಪ್ರಶ್ನೆಗೆ ಗ್ರೀಕರಲ್ಲಿ ಒಂದು ಪದವಿತ್ತು. ‘ಮಿಯಾಸ್ಮ’. ಗೈಡುಗಳಲ್ಲಿ ಇದನ್ನು ಪಾಪ ಎಂದು ಬರೆದಿರುತ್ತಾರೆ. ಕನ್ನಡದಲ್ಲಿ ಇದಕ್ಕೆ ಸರಿಯಾದ ಮಾತು ಮೈಲಿಗೆ. ಸೂತಕವಿರುವವನು ತಪ್ಪು ಮಾಡಿದ್ದಾನೆಂದು ಯಾರೂ ಹೇಳುವುದಿಲ್ಲ. ಆದರೂ ಮೈಲಿಗೆ ಇದೆ, ಮುಟ್ಟಿದರೆ ಹರಡುತ್ತದೆ ಎಂದು ನಂಬುತ್ತಾರೆ. ಗ್ರೀಕರ ಎಣಿಕೆಯಲ್ಲಿ ಕೊಂದವನ ಕೈಗೆ ಹತ್ತಿದ ರಕ್ತ ಹೀಗೆಯೇ. ಬೇಕೆಂದು ಕೊಂದನೋ ತಿಳಿಯದೆ ಕೊಂದನೋ ಎಂಬುದನ್ನು ಮೈಲಿಗೆ ಕೇಳುವುದಿಲ್ಲ. ಕೇಳುವುದು ನ್ಯಾಯಾಲಯ. ಅಥೆನ್ಸಿನಲ್ಲಿ ಬೇಕೆಂದು ಮಾಡಿದ ಕೊಲೆಯ ವಿಚಾರಣೆ ಅರಿಯೊಪಾಗಸ್ ಗುಡ್ಡದ ಮೇಲೆ, ಅರಿಯದೆ ಆದ ಕೊಲೆಯದು ಪಲಾಡಿಯನ್ನಿನಲ್ಲಿ, ಕೊಂದದ್ದು ನಿಜ ಆದರೆ ಕಾನೂನು ಒಪ್ಪುವ ಕಾರಣವಿತ್ತು ಎಂಬ ವಾದ ಡೆಲ್ಫೀನಿಯನ್ನಿನಲ್ಲಿ. ಮೂರೂ ಬೇರೆ ಬೇರೆ ಜಾಗ. ಕೊಲೆಗಳಲ್ಲಿ ಇಷ್ಟು ಭೇದ ಮಾಡಿ ತೀರ್ಪು ಕೊಡುತ್ತಿದ್ದ ಜನರೇ ಈ ನಾಟಕದ ಪ್ರೇಕ್ಷಕರು.

ಮೈಲಿಗೆ ರಾಜಕಾರಣಕ್ಕೂ ಉಪಯೋಗವಾಗುತ್ತಿತ್ತು. ಯುದ್ಧಕ್ಕೆ ಮೊದಲು ಸ್ಪಾರ್ಟದವರು, ನಿಮ್ಮ ಊರಿನಲ್ಲಿರುವ ದೇವರ ಶಾಪವನ್ನು ಹೊರಹಾಕಿ ಎಂದು ಅಥೆನ್ಸಿಗೆ ಹೇಳಿಕಳುಹಿಸಿದರು. ಅದರ ಹಿಂದಿನ ಕಥೆ ಎರಡು ಶತಮಾನದಷ್ಟು ಹಳೆಯದು. ಕೈಲಾನ್ ಎಂಬವನು ಅಧಿಕಾರ ಹಿಡಿಯಲು ಹೋಗಿ ಸೋತಾಗ, ದೇವರ ಸನ್ನಿಧಿಯಲ್ಲಿ ಮರೆಹೊಕ್ಕ ಅವನ ಕಡೆಯವರನ್ನು ಕೊಂದ ದೋಷ ಒಂದು ಮನೆತನಕ್ಕೆ ಅಂಟಿತ್ತು. ಪೆರಿಕ್ಲೀಸನ ತಾಯಿ ಆ ಮನೆತನದವಳು. ಅಂದರೆ ‘ಶಾಪವನ್ನು ಹೊರಹಾಕಿ’ ಎಂದರೆ ಪೆರಿಕ್ಲೀಸನನ್ನು ಓಡಿಸಿ ಎಂದೇ ಅರ್ಥ. ಅಥೆನ್ಸಿನವರು ಓಡಿಸಲಿಲ್ಲ. ಮರುವರ್ಷವೇ ಪಿಡುಗು ಬಂತು. ಈಡಿಪಸ್ ಎಂದರೆ ಪೆರಿಕ್ಲೀಸನೇ ಎಂದು ಒಂದಕ್ಕೊಂದು ಹೊಂದಿಸಿ ಹೇಳುವವರಿದ್ದಾರೆ; ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ಆದರೆ ಜಾಣನಾದ ನಾಯಕ, ಪಿಡುಗು ಹತ್ತಿದ ಊರು, ಊರೊಳಗಿನ ಮೈಲಿಗೆಯ ಮನುಷ್ಯನನ್ನು ಹೊರಹಾಕಿ ಎಂಬ ಕೂಗು, ಈ ಮೂರನ್ನೂ ಅಂದಿನ ಪ್ರೇಕ್ಷಕ ಕಂಡು ಕೇಳಿದ್ದ.

ನಾಟಕದ ಹೆಸರಿನಲ್ಲಿರುವ ‘ಟಿರಾನಸ್’ ಎಂಬ ಮಾತಿಗೂ ಒಂದು ಚರಿತ್ರೆ ಇದೆ. ಇಂಗ್ಲಿಷಿನ ಟೈರೆಂಟ್ ಅದರ ಮಗು. ಆದರೆ ಹಳೆಯ ಗ್ರೀಕಿನಲ್ಲಿ ಟಿರಾನಸ್ ಎಂದರೆ ಕ್ರೂರಿ ಎಂದಷ್ಟೇ ಅಲ್ಲ. ವಂಶದ ಹಕ್ಕಿನಿಂದಲ್ಲದೆ ಸ್ವಂತ ಬಲದಿಂದ ಆಳುವವನು. ಒಗಟು ಬಿಡಿಸಿ ದೊರೆಯಾದ ಈಡಿಪಸ್ ಟಿರಾನಸ್. ತನಿಖೆ ಮುಗಿಯುವ ಹೊತ್ತಿಗೆ ಅವನು ಲಾಯಸನ ಮಗನೇ, ಸಿಂಹಾಸನದ ನಿಜವಾದ ಹಕ್ಕುದಾರನೇ ಎಂದು ತಿಳಿಯುತ್ತದೆ. ಆ ಹಕ್ಕು ಗೊತ್ತಾದ ಕ್ಷಣವೇ ಅವನು ಎಲ್ಲವನ್ನೂ ಕಳೆದುಕೊಂಡ ಕ್ಷಣ. ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕನಿಗೆ ತಿಳಿದಿದ್ದು ಮಾತಿಗೆ ಎರಡರ್ಥ ಬರುವ ಈ ಬಗೆಯನ್ನು ನಾಟಕೀಯ ವ್ಯಂಗ್ಯ ಎನ್ನುತ್ತೇವೆ. ಈ ಪಾರಿಭಾಷಿಕ ಪದ ಗ್ರೀಕರದಲ್ಲ. ಸೋಫೋಕ್ಲೀಸನ ವ್ಯಂಗ್ಯವನ್ನು ಕುರಿತು ಕಾನಪ್ ಥರ್ಲ್‌ವಾಲ್ ಎಂಬ ಇಂಗ್ಲಿಷ್ ವಿದ್ವಾಂಸ 1833ರಲ್ಲಿ ಬರೆದ ಪ್ರಬಂಧದ ನಂತರ ಈ ಚರ್ಚೆ ಬೆಳೆಯಿತು. ಮೂರು ಐಕ್ಯಗಳೆಂಬ ನಿಯಮವೂ ಹೀಗೆಯೇ. ಅರಿಸ್ಟಾಟಲ್ ಬಿಗಿಯಾಗಿ ಹೇಳಿದ್ದು ಕ್ರಿಯೆಯ ಐಕ್ಯವನ್ನು. ಜಾಗದ ಐಕ್ಯವನ್ನು ಸೇರಿಸಿ ಶಾಸನ ಮಾಡಿದವರು ಹದಿನಾರನೆಯ ಶತಮಾನದ ಇಟಲಿಯವರು.

ಅರಿಸ್ಟಾಟಲನ ಹೆಸರು ಬಂತು; ಮುಖ್ಯವಾದ ಮಾತಿಗೆ ಬರುತ್ತೇನೆ. ಅವನು ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಅಂದರೆ ಸೋಫೋಕ್ಲೀಸ್ ತೀರಿಕೊಂಡು ಇಪ್ಪತ್ತು ವರ್ಷಗಳಾದ ಮೇಲೆ. ಅವನ ಕಾವ್ಯಮೀಮಾಂಸೆಯನ್ನು ಓದಿ ಸೋಫೋಕ್ಲೀಸ್ ನಾಟಕ ಬರೆದನೇನೋ ಎಂಬಂತೆ ಮಕ್ಕಳು ಉತ್ತರ ಬರೆಯುವುದುಂಟು. ನಡೆದದ್ದು ತಿರುಗಾಮುರುಗ. ಈ ನಾಟಕವನ್ನು ಕಣ್ಣೆದುರು ಇಟ್ಟುಕೊಂಡೇ ಅವನು ಹಲವು ಲಕ್ಷಣ ಹೇಳಿದ್ದು. ‘ಪೆರಿಪೆಟಿಯ’ ಎಂದರೆ ಮಾಡಹೊರಟದ್ದು ತದ್ವಿರುದ್ಧವಾಗಿ ತಿರುಗಿಬೀಳುವುದು. ಕೊರಿಂಥಿನಿಂದ ಬಂದ ದೂತ ಈಡಿಪಸನ ಭಯ ಕಳೆಯಲೆಂದು, ನೀನು ಆ ದೊರೆಯ ಹೆತ್ತ ಮಗನಲ್ಲ ಎನ್ನುತ್ತಾನೆ. ಆ ಸಮಾಧಾನದ ಮಾತೇ ಕತ್ತಿಯಾಗುತ್ತದೆ. ‘ಅನಾಗ್ನೋರಿಸಿಸ್’ ಎಂದರೆ ಗುರುತು ಸಿಗುವುದು, ಅರಿಯದ್ದು ಅರಿವಾಗುವುದು. ಎರಡೂ ಒಟ್ಟಿಗೆ ಬಂದರೆ ಶ್ರೇಷ್ಠ ಎಂದು ಹೇಳಿ ಅರಿಸ್ಟಾಟಲ್ ತೋರಿಸುವ ಉದಾಹರಣೆ ಇದೇ. ಕರುಣೆ, ಭಯಗಳ ‘ಕಥಾರ್ಸಿಸ್’ ಎಂದರೆ ವೈದ್ಯರ ಶೋಧನೆಯೋ, ಗುಡಿಯ ಶುದ್ಧಿಯೋ, ಮನಸ್ಸು ತಿಳಿಯಾಗುವುದೋ ಎಂಬುದನ್ನು ಅವನು ಬಿಡಿಸಿ ಹೇಳಲಿಲ್ಲ. ಆದ್ದರಿಂದ ನಾನೂ ಒಂದು ಅರ್ಥಕ್ಕೆ ಗಂಟು ಹಾಕುವುದಿಲ್ಲ.

ಜಗಳವಿರುವುದು ‘ಹಮಾರ್ಷಿಯ’ ಎಂಬ ಪದದಲ್ಲಿ. ಗೈಡಿನ ಪ್ರಕಾರ ಅದು ನಾಯಕನ ಸ್ವಭಾವದೋಷ. ಈಡಿಪಸನಿಗೆ ಅಹಂಕಾರವಿತ್ತು, ಸಿಟ್ಟಿತ್ತು, ಅದಕ್ಕೆ ತಕ್ಕ ಶಾಸ್ತಿಯಾಯಿತು, ಮಾಡಿದ್ದುಣ್ಣೋ ಮಹಾರಾಯ. ಪದದ ಚರಿತ್ರೆ ಹೀಗೆ ಹೇಳುವುದಿಲ್ಲ. ಆ ಧಾತುವನ್ನು ಹೋಮರ್ ಬಳಸುವುದು ಎಸೆದ ಈಟಿ ಗುರಿ ತಪ್ಪಿತು ಎನ್ನುವಾಗ. ಗುರಿ ತಪ್ಪುವುದು, ತಿಳಿಯದೆ ಎಡವುವುದು ಅದರ ಹಳೆಯ ಅರ್ಥ. ಕೆಲವು ಶತಮಾನಗಳ ನಂತರ ಕ್ರೈಸ್ತರ ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇದೇ ಪದ ಪಾಪಕ್ಕೆ ನಿಂತಿತು. ಪಾಪದ ಆ ಬಣ್ಣವನ್ನು ಹಿಂದಕ್ಕೆ ಅರಿಸ್ಟಾಟಲನಿಗೆ ಬಳಿದರು. ಅದರ ಮೇಲೆ ಶೇಕ್ಸ್‌ಪಿಯರನ ನಾಯಕರ ಸ್ವಭಾವವನ್ನು ಶೋಧಿಸುವ ಇಂಗ್ಲಿಷ್ ವಿಮರ್ಶೆಯ ಅಭ್ಯಾಸವೂ ಸೇರಿತು. ಅರಿಸ್ಟಾಟಲ್ ಮಾತ್ರ ಸ್ಪಷ್ಟವಾಗಿ ಹೇಳುತ್ತಾನೆ: ಕೇಡಿಗತನದಿಂದಲ್ಲ, ನೀಚತನದಿಂದಲ್ಲ, ಒಂದು ದೊಡ್ಡ ಹಮಾರ್ಷಿಯದಿಂದ ಬಿದ್ದವನು, ಉದಾಹರಣೆ ಈಡಿಪಸ್. ಅಹಂಕಾರವೆಂದು ಎಲ್ಲರೂ ಬರೆಯುವ ‘ಹ್ಯೂಬ್ರಿಸ್’ ಅಥೆನ್ಸಿನ ಕಾನೂನಿನಲ್ಲಿ ಇನ್ನೊಬ್ಬರ ಮಾನ ತೆಗೆಯುವ ಅಪರಾಧದ ಹೆಸರು. ಕಾವ್ಯಮೀಮಾಂಸೆಯಲ್ಲಿ ಅದನ್ನು ನಾಯಕನ ಪತನದ ಕಾರಣವೆಂದು ಅರಿಸ್ಟಾಟಲ್ ಹೇಳಿಲ್ಲ.

ಇದು ನಮ್ಮ ಗೈಡುಗಳ ಕಷ್ಟ ಮಾತ್ರವಲ್ಲ. ಆಕ್ಸ್‌ಫರ್ಡಿನಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದ ಇ. ಆರ್. ಡಾಡ್ಸ್ ಅಲ್ಲಿನ ಪರೀಕ್ಷೆಯ ಉತ್ತರಗಳಲ್ಲಿ ಇದೇ ವಾದವನ್ನು ಓದಿ ಓದಿ ಬೇಸತ್ತು, 1966ರಲ್ಲಿ ಒಂದು ಲೇಖನವನ್ನೇ ಬರೆದರು. ನಾಟಕದ ಒಳಗೇ ನೋಡಿ. ಈಡಿಪಸನ ಸಿಟ್ಟು ನಿಜ. ಕುರುಡ ಟೈರೀಸಿಯಸನನ್ನೂ ಮೈದುನ ಕ್ರಿಯಾನನನ್ನೂ ಅವನು ಅನುಮಾನಿಸುವುದು ಅನ್ಯಾಯ. ಆದರೆ ಆ ಸಿಟ್ಟು ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ಕೊಲೆಯೂ ಮದುವೆಯೂ ಆಗಿಹೋಗಿವೆ. ದಾರಿಯಲ್ಲಿ ಮೊದಲು ಬಲವಂತವಾಗಿ ತಳ್ಳಲು ಬಂದವರು ಲಾಯಸನ ಕಡೆಯವರು. ಈಡಿಪಸನನ್ನು ಸತ್ಯದ ಬಳಿಗೆ ಒಯ್ಯುವುದು ಅವನ ಕೆಟ್ಟ ಗುಣವಲ್ಲ. ಸಾಯುತ್ತಿರುವ ಊರನ್ನು ಉಳಿಸಬೇಕೆಂಬ ಹಟ, ಸಾಕು ಬಿಡು ಎಂದು ಜೊಕಾಸ್ಟ ಬೇಡಿಕೊಂಡರೂ ಬಿಡದ ಪ್ರಾಮಾಣಿಕತೆ. ಸೋಫೋಕ್ಲೀಸ್ ಮುದಿವಯಸ್ಸಿನಲ್ಲಿ ಬರೆದ, ಅವನ ಮರಣದ ನಂತರ ಕ್ರಿ.ಪೂ. 401ರಲ್ಲಿ ಮೊಮ್ಮಗ ಆಡಿಸಿದ ‘ಕೊಲೊನಸಿನಲ್ಲಿ ಈಡಿಪಸ್’ ನಾಟಕದಲ್ಲಿ, ಮುದುಕ ಈಡಿಪಸ್ ತಾನೇ ವಕೀಲನಂತೆ ಈ ವಾದ ಮಾಡುತ್ತಾನೆ: ತಿಳಿಯದೆ ಮಾಡಿದೆ, ಪ್ರಾಣ ಉಳಿಸಿಕೊಳ್ಳಲು ಹೊಡೆದೆ. ಅಥೆನ್ಸಿನ ನ್ಯಾಯಾಲಯಗಳನ್ನು ಬಲ್ಲವರಿಗೆ ಇದು ಯಾವ ವಾದವೆಂದು ಕೂಡಲೆ ಗೊತ್ತಾಗುತ್ತಿತ್ತು.

ಸಂಕಟಕ್ಕೆ ಸಿಕ್ಕವರನ್ನೆಲ್ಲ ತಪ್ಪಿತಸ್ಥರೆಂದು ತೀರ್ಮಾನಿಸುವುದು ನಮಗೆ ಬಹಳ ಸುಲಭ. ಬೆಳೆ ಹೋದ ರೈತನಿಗೆ, ಮಗು ಕಳೆದುಕೊಂಡ ತಾಯಿಗೆ, ಏನು ಕರ್ಮ ಮಾಡಿದ್ದರೋ ಎಂದು ಹೇಳಿ ಎದ್ದುಬಿಡುತ್ತೇವೆ. ಆ ಮಾತನ್ನೇ ಪರೀಕ್ಷೆಯ ಉತ್ತರವಾಗಿ ಹದಿನೆಂಟು ವರ್ಷದವರ ಕೈಯಲ್ಲಿ ಬರೆಸುತ್ತೇವಲ್ಲ ಎಂಬುದು ನನಗಿರುವ ತಕರಾರು.

ಕನ್ನಡದಲ್ಲಿ ಟ್ರ್ಯಾಜಿಡಿಗೆ ಹೆಸರಿಡುವಾಗಲೂ ಹಿರಿಯರು ತೊಳಲಾಡಿದ್ದಾರೆ. ದುರಂತ ನಾಟಕ ಎಂದರೆ ಕೊನೆ ಕೆಟ್ಟದ್ದು ಎಂದಾಯಿತು. ಆದರೆ ಈಸ್ಕಿಲಸನ ಒರೆಸ್ಟಿಯ ತ್ರಿವಳಿ ಶಾಂತಿಯಲ್ಲಿ ಮುಗಿಯುತ್ತದೆ. ರುದ್ರನಾಟಕ ಎಂದವರುಂಟು. ಎಸ್. ವಿ. ರಂಗಣ್ಣನವರು ಗಂಭೀರ ನಾಟಕ ಎಂದರು. ನನಗೆ ಹಿಡಿಸಿದ್ದು ಅದು. ನಮ್ಮ ಹಳೆಯ ನಾಟ್ಯಶಾಸ್ತ್ರ ರಂಗದ ಮೇಲೆ ಸಾವನ್ನು ಒಪ್ಪುವುದಿಲ್ಲ. ಭಾಸನದೆಂದು ಹೇಳುವ ‘ಊರುಭಂಗ’ದಲ್ಲಿ ದುರ್ಯೋಧನ ಎಲ್ಲರೆದುರು ಸಾಯುವುದು ಅಪರೂಪ. ಹತ್ತನೆಯ ಶತಮಾನದ ರನ್ನ ಕೂಡ ಗದಾಯುದ್ಧದಲ್ಲಿ ದುರ್ಯೋಧನನಿಗೆ ಕೊಟ್ಟ ಘನತೆಯನ್ನು ಬಲ್ಲ ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ನಾಟಕ ಮಾಡಿದರು. ಆಮೇಲೆ ಸೋಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಇಳಿಸಿ ‘ಅಶ್ವತ್ಥಾಮನ್’ ಬರೆದರು. ಚಿರಂಜೀವಿಯನ್ನು ಸಾಯಿಸಿದರೆಂದು ಆಕ್ಷೇಪಣೆ ಬಂತು. 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಬಿ. ವಿ. ಕಾರಂತರು ಈಡಿಪಸನನ್ನು ಲಂಕೇಶರ ಕನ್ನಡದಲ್ಲಿ ಆಡಿಸಿದಾಗ, ಬಯಲಲ್ಲಿ ಹುಟ್ಟಿದ ನಾಟಕ ಮತ್ತೆ ಬಯಲಿಗೆ ಬಂತು.

ಈ ನಾಟಕವನ್ನು ಓದುವವರು ಕೊನೆಯ ದೃಶ್ಯವನ್ನು ಎರಡು ಸಲ ಓದಬೇಕೆಂದು ನನ್ನ ಸಲಹೆ. ಕಣ್ಣು ಚುಚ್ಚಿಕೊಂಡ ಈಡಿಪಸ್, ನನ್ನನ್ನು ಊರಿನಿಂದ ಹೊರಹಾಕು ಎಂದು ಕ್ರಿಯಾನನನ್ನು ಬೇಡುತ್ತಾನೆ. ಅಪೊಲೊ ದೇವರ ಅಪ್ಪಣೆ ಮೊದಲೇ ಆಗಿದೆ. ಆದರೂ ಕ್ರಿಯಾನ್ ಇನ್ನೊಮ್ಮೆ ಕೇಳಬೇಕು ಎಂದು ಅವನನ್ನು ಅರಮನೆಯೊಳಗೆ ಕಳುಹಿಸುತ್ತಾನೆ. ಹೆಣ್ಣುಮಕ್ಕಳಿಬ್ಬರನ್ನು ಅವನ ತೋಳಿನಿಂದ ಬಿಡಿಸುತ್ತಾರೆ. ಕೊಂದವನು ಸಿಕ್ಕಿದ್ದಾಯಿತು, ಮೈಲಿಗೆ ಎಲ್ಲಿಂದ ಬಂತೆಂದು ತಿಳಿದದ್ದೂ ಆಯಿತು. ಪಿಡುಗು ನಿಂತಿತು ಎಂದು ಮಾತ್ರ ನಾಟಕದಲ್ಲಿ ಯಾರೂ ಹೇಳುವುದಿಲ್ಲ.